ಓನರ್ಸ್ ರಿಸ್ಕ್

ನಾನು ಕಾಮರ್ಸ್ ಹುಡುಗ. ಕವಿತೆ ಬರೆಯುವವರ ಪತ್ರಿಕೆಯಲ್ಲಿ ಜಮಾ-ಖರ್ಚಿನವನಿಗೆ ಏನು ಕೆಲಸ ಅಂತ ನೀವು ಕೇಳಬಹುದು. ಹತ್ತನೇ ತರಗತಿಯವರೆಗೆ ರಾಣೆಬೆನ್ನೂರಿನಲ್ಲಿ ಕನ್ನಡ ಮೀಡಿಯಂ ಓದಿ, ಅಪ್ಪನಿಗೆ ವರ್ಗವಾಯಿತೆಂದು ಅಹಮದಾಬಾದಿಗೆ ಬಂದು ಬಿದ್ದವನು. ಕ್ಲಾಸಿನಲ್ಲಿ ಇಂಗ್ಲಿಷು, ಬೀದಿಯಲ್ಲಿ ಗುಜರಾತಿ, ಉಳಿದದ್ದು ಕನ್ನಡ. ಸಿಟ್ಟು ಬಂದರೆ ಮಾತ್ರ ಪೂರ್ತಿ ಕನ್ನಡ. ಈಗ ಸಿಟ್ಟು ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಸಿಟ್ಟಿಗೆ ಕಾರಣ ಒಂದು ಫಾರಂ. ಚಳಿಗಾಲದ ರಜೆಗೆ ಹಿಮಾಲಯದ ಚಾರಣಕ್ಕೆ ಹೊರಟಿರುವ ಒಂದು ಕ್ಲಬ್ಬಿನದು. ನಮ್ಮ ಕೂಟದಿಂದಲೇ ಐದು ಜನ ಹೆಸರು ಕೊಟ್ಟಿದ್ದೇವೆ: ಇಲ್ಲಿಯವರು ಇಬ್ಬರು, ವಡೋದರಾದವರು ಇಬ್ಬರು, ಸೂರತ್ತಿನವನೊಬ್ಬ. ಫಾರಮ್ಮಿನಲ್ಲಿ ಹೆಸರು, ರಕ್ತದ ಗುಂಪು, ಶೂ ಅಳತೆ ಎಲ್ಲ ಆದ ಮೇಲೆ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಪ್ಯಾರಾ ಇದೆ. ಅದರ ಸಾರ ಇಷ್ಟು. ದಾರಿಯಲ್ಲಿ ಗಾಯ, ಕಾಯಿಲೆ, ಸಾವು ಏನೇ ಆದರೂ ಸಂಘಟಕರು ಹೊಣೆಯಲ್ಲ, ನಾನು ನನ್ನ ಸ್ವಂತ ಜವಾಬ್ದಾರಿಯ ಮೇಲೆ ಬರುತ್ತಿದ್ದೇನೆ. ಕೆಳಗೆ ನನ್ನ ಸಹಿ, ಪಕ್ಕದಲ್ಲಿ ಅಪ್ಪನ ಸಹಿ. ಉಳಿದ ನಾಲ್ವರೂ ಓದದೆ ಸಹಿ ಹಾಕಿದರು. ನಾನು ಓದಿದೆ. ಓದಿದ್ದೇ ತಪ್ಪಾಯಿತು ನೋಡಿ.

ಆ ಪ್ಯಾರಾವನ್ನು ಎಲ್ಲೋ ನೋಡಿದ ಹಾಗಿತ್ತು. ನೆನಪಾದದ್ದು ಸೂರತ್ತಿನಲ್ಲಿ. ನನ್ನ ಕಾಕಾ ಅಲ್ಲಿ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲೆಕ್ಕ ಬರೀತಾರೆ. ರಿಂಗ್ ರೋಡಿನ ಬಟ್ಟೆ ಮಾರ್ಕೆಟ್ಟಿನಿಂದ ಸೀರೆಯ ಗಂಟುಗಳು ಬರುತ್ತವೆ. ಗಂಟು ಒಪ್ಪಿಸಿದವನಿಗೆ ಒಂದು ಚೀಟಿ ಹರಿದು ಕೊಡುತ್ತಾರೆ. ಅದಕ್ಕೆ ಬಿಲ್ಟಿ ಅಂತಾರೆ. ಬಿಲ್ಟಿಯ ಮೇಲೆ ಒಂದು ರಬ್ಬರ್ ಸ್ಟಾಂಪು: ‘ಓನರ್ಸ್ ರಿಸ್ಕ್’. ಅಂದರೆ ಮಾಲು ಸುಟ್ಟರೂ, ನೆನೆದರೂ, ಕಳೆದರೂ ಮಾಲಿನ ಒಡೆಯನದೇ ನಷ್ಟ. ಕಾಕಾನನ್ನು ಕೇಳಿದೆ, "ಇದು ನಡೀತದೇನು ಕಾಕಾ?" ಅವರು ನಕ್ಕರು. "ತಮ್ಮಾ, ಸ್ಟಾಂಪು ಹೊಡೀಲಿಕ್ಕೆ ರೊಕ್ಕ ಬೀಳೂದಿಲ್ಲ, ಅದಕ್ಕ ಹೊಡೀತೀವಿ. ಕೋರ್ಟಿಗೆ ಹೋದ್ರ ನಡಿಯೂದಿಲ್ಲ. ಆದ್ರ ಕೋರ್ಟಿಗೆ ಹೋಗವ್ರು ಎಷ್ಟು ಮಂದಿ?"

ಕಾಕಾ ಹೇಳಿದ್ದು ನಿಜ. ನಮ್ಮ ವಾಣಿಜ್ಯ ಕಾನೂನಿನ ಪಾಠದಲ್ಲೇ ಇದೆ. ‘ನಾಥ್ ಬ್ರದರ್ಸ್’ ಎಂಬ ಕಂಪನಿಯ ಮಾಲು ಸಾಗಣೆದಾರನ ಕೈಯಲ್ಲಿದ್ದಾಗ ಗೋಡೌನಿನಲ್ಲಿ ಬೆಂಕಿಗೆ ಸಿಕ್ಕಿತು. ಚೀಟಿಯ ಮೇಲೆ ‘ಓನರ್ಸ್ ರಿಸ್ಕ್’ ಅಂತಿದ್ದ ಮಾತ್ರಕ್ಕೆ ಸಾಗಣೆದಾರ ಕೈ ತೊಳೆದುಕೊಳ್ಳುವ ಹಾಗಿಲ್ಲ ಅಂತ 2000ದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇನ್ನೂ ಹಳೆಯದು ಬೇಕಾದರೆ 1872ರ ಕರಾರು ಕಾಯಿದೆ ಇದೆ. ಅದರ 151ನೇ ಕಲಮಿನ ಪ್ರಕಾರ, ಇನ್ನೊಬ್ಬನ ವಸ್ತುವನ್ನು ನಿಮ್ಮ ವಶಕ್ಕೆ ತೆಗೆದುಕೊಂಡರೆ, ಸಾಮಾನ್ಯ ವಿವೇಕವಿರುವ ಮನುಷ್ಯ ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನ ಮಾಡಬೇಕು. ಸೀರೆಯ ಗಂಟಿಗೆ ಇಷ್ಟು ಮರ್ಯಾದೆ ಇದೆ. ಇಪ್ಪತ್ತು ವರ್ಷದ ಹುಡುಗನಿಗೆ ಎಷ್ಟಿದೆ ಅನ್ನುವುದು ನನ್ನ ಪ್ರಶ್ನೆ.

ಇದು ಬರೀ ತರಲೆ ಪ್ರಶ್ನೆಯಲ್ಲ. 2024ರ ಜೂನ್ ತಿಂಗಳು ನಿಮಗೆ ನೆನಪಿರಬೇಕು. ಕರ್ನಾಟಕ ಮೌಂಟೇನಿಯರಿಂಗ್ ಅಸೋಸಿಯೇಷನ್ನಿನ ಮೂಲಕ ಹೋದ ತಂಡವೊಂದು ಉತ್ತರಾಖಂಡದ ಸಹಸ್ರ ತಾಲ್ ಎಂಬ ಸರೋವರದ ದಾರಿಯಲ್ಲಿ ಸಿಕ್ಕಿಬಿತ್ತು. ಒಟ್ಟು 22 ಜನ: ಕರ್ನಾಟಕದವರು 18, ಮಹಾರಾಷ್ಟ್ರದವರೊಬ್ಬರು, ಸ್ಥಳೀಯ ಗೈಡುಗಳು ಮೂವರು. ಮೇ 29ಕ್ಕೆ ಹೊರಟವರು ಜೂನ್ 7ಕ್ಕೆ ವಾಪಸು ಬರಬೇಕಿತ್ತು. ಆ ಸರೋವರ ಇರುವುದು ನಾಲ್ಕು ಸಾವಿರ ಮೀಟರಿಗಿಂತ ಮೇಲೆ. ಜೂನ್ 3ರಂದು ಅಲ್ಲಿ ಹಿಮಗಾಳಿ ಎದ್ದಿತು. ಕ್ಯಾಂಪು ಮುಟ್ಟಲಾಗಲಿಲ್ಲ. ಬಯಲಿನಲ್ಲೇ, ಗುಡಾರವಿಲ್ಲದೆ ರಾತ್ರಿ ಕಳೆಯಬೇಕಾಯಿತು. ಫೋನು ಹತ್ತುವ ಜಾಗವಲ್ಲ ಅದು. ಸುದ್ದಿ ಹೊರಗೆ ಬರುವಷ್ಟರಲ್ಲಿ ಮರುದಿನವಾಗಿತ್ತು. ವಾಯುಪಡೆಯ ಹೆಲಿಕಾಪ್ಟರು, ವಿಪತ್ತು ಪಡೆಯವರು ಸೇರಿ 13 ಜನರನ್ನು ಉಳಿಸಿದರು. ಒಂಬತ್ತು ಜನ ಹೋದರು. ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಹೋಗಿ ನಿಂತು, ಉಳಿದವರನ್ನೂ ಹೋದವರ ದೇಹಗಳನ್ನೂ ಬೆಂಗಳೂರಿಗೆ ಕಳಿಸುವ ಏರ್ಪಾಡು ನೋಡಿಕೊಂಡರು.

ಆಮೇಲೆ ಶುರುವಾಯಿತು, ಯಾರದು ತಪ್ಪು?

ನಾನೂ ಆಗ ಒಂದು ಮಾತಾಡಿದ್ದೆ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಸತ್ತವರಲ್ಲಿ ಒಬ್ಬರಿಗೆ 71 ವರ್ಷ. "ಆ ವಯಸ್ಸಿಗೆ ಮನೇಲಿ ಕೂರೋದು ಬಿಟ್ಟು ಯಾಕೆ ಬೇಕಿತ್ತು?" ಅಂದಿದ್ದೆ. ಊಟಕ್ಕೆ ಕೂತಿದ್ದ ಅಪ್ಪ ತಲೆಯೆತ್ತಿ ನೋಡಿದರು, ಏನೂ ಹೇಳಲಿಲ್ಲ. ಆಮೇಲೆ ಪಟ್ಟಿ ಪೂರ್ತಿ ಓದಿದೆ. ಅದರಲ್ಲಿ 34 ವರ್ಷದವರೂ ಇದ್ದರು, 45ರವರೂ ಇದ್ದರು. ಒಂಬತ್ತರಲ್ಲಿ ಆರು ಜನ ಹೆಂಗಸರು. ಗಂಡ ಹೆಂಡತಿ ಇಬ್ಬರೂ ಹೋದದ್ದೂ ಇದೆ. ಗಾಳಿ ವಯಸ್ಸು ಕೇಳಿಲ್ಲ. ವಯಸ್ಸು ಕೇಳಿದ್ದು ನಾವು, ಯಾಕೆಂದರೆ ಸತ್ತವರ ವಯಸ್ಸು ಹಿಡಿದುಕೊಂಡರೆ ಬೇರೆ ಯಾರನ್ನೂ ಏನೂ ಕೇಳಬೇಕಾಗಿಲ್ಲ.

ಎರಡನೆಯ ಉತ್ತರ ಪೊಲೀಸರದು. ಉತ್ತರಕಾಶಿಯ ಕಡೆಯ, ಚಾರಣದ ಏರ್ಪಾಡು ಮಾಡಿದ್ದ ಏಜೆನ್ಸಿಯ ಮೇಲೆ ಕೇಸು ಬಿತ್ತು. ಉತ್ತರಾಖಂಡ ಸರ್ಕಾರ ತನಿಖೆಗೂ ಆದೇಶ ಮಾಡಿತು. ಮೂರನೆಯ ಉತ್ತರ, ಯಾರದ್ದೂ ತಪ್ಪಲ್ಲ, ಪ್ರಕೃತಿಯ ಆಟ. ಇದನ್ನು ಹೇಳಿದವರಲ್ಲಿ ಬೆಟ್ಟ ಬಲ್ಲವರೂ ಇದ್ದಾರೆ. ಅವರ ಮಾತನ್ನು ನಾನು ಹಗುರ ಮಾಡುವುದಿಲ್ಲ. ಆ ಎತ್ತರದಲ್ಲಿ ಅರ್ಧ ಗಂಟೆಯಲ್ಲಿ ಹವೆ ತಿರುಗುತ್ತದೆ ಅಂತ ಹೋಗಿಬಂದವರೆಲ್ಲ ಹೇಳುತ್ತಾರೆ. ಒದ್ದೆ ಬಟ್ಟೆಯಲ್ಲಿ ಗಾಳಿಗೆ ನಿಂತ ಮೈ ಬಿಸಿ ಕಳೆದುಕೊಳ್ಳುತ್ತಾ ಹೋದರೆ ಮೊದಲು ನಡುಕ, ಆಮೇಲೆ ಮಾತು ತಡವರಿಸುತ್ತದೆ, ಆಮೇಲೆ ಬುದ್ಧಿಯೇ ಮಂಕಾಗುತ್ತದೆ. ಬೆಚ್ಚಗಾಗುತ್ತಿದೆ ಅನ್ನಿಸಿ ಕೋಟು ಬಿಚ್ಚಿದವರೂ ಇದ್ದಾರಂತೆ. ಅಂಥ ಹೊತ್ತಿನಲ್ಲಿ ಯಾರು ಯಾರಿಗೆ ಏನು ಹೇಳಿದರು ಅಂತ ಇಲ್ಲಿ ಸಾಬರಮತಿ ದಡದಲ್ಲಿ ಕೂತು ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ.

ಆದರೆ ಗಾಳಿ ಏಳುವ ಮುಂಚಿನದನ್ನು ಕೇಳಬಹುದಲ್ಲ? ಹೊರಡುವ ಬೆಳಿಗ್ಗೆ ಹವಾಮಾನದ ಮುನ್ಸೂಚನೆ ಯಾರ ಕೈಯಲ್ಲಿತ್ತು? ಇಷ್ಟು ಹೊತ್ತಿಗೆ ಎಲ್ಲಿದ್ದರೂ ವಾಪಸು ತಿರುಗಬೇಕು ಅಂತ ಗಡಿಯಾರ ನೋಡಿ ಹೇಳುವ ಅಧಿಕಾರ ಯಾರಿಗಿತ್ತು? ಫೋನು ಹತ್ತದ ಕಡೆಗೆ ಬೇರೆ ಏನಾದರೂ ಸಾಧನ ಯಾರು ತರಬೇಕಿತ್ತು? ಸಹಸ್ರ ತಾಲಿನ ವಿಷಯದಲ್ಲಿ ಇವಕ್ಕೆ ಉತ್ತರ ಹೇಳಬೇಕಾದ್ದು ತನಿಖೆ, ನಾನಲ್ಲ. ನಾನು ಕೇಳುತ್ತಿರುವುದು ಕೇಳುವ ರೀತಿಯ ಬಗ್ಗೆ. ನಾವು ಯಾವಾಗಲೂ ‘ಗಾಳಿ ಬಂದಾಗ ಗೈಡು ಏನು ಮಾಡಿದ’ ಅಂತ ಕೇಳುತ್ತೇವೆ. ಗೈಡು ಅಂದರೆ ಆ ಇಡೀ ವ್ಯವಹಾರದಲ್ಲಿ ಕಡಿಮೆ ಸಂಬಳದವನು. ದುಡ್ಡು ಮೇಲಿನಿಂದ ಕೆಳಗೆ ಬರುವಾಗ ಪ್ರತಿ ಮೆಟ್ಟಿಲಲ್ಲೂ ಒಂದಿಷ್ಟು ಸೋರುತ್ತದೆ. ತಪ್ಪು ಮಾತ್ರ ಒಂದು ಹನಿಯೂ ಸೋರದೆ ಕಟ್ಟಕಡೆಯವನ ತಲೆಯ ಮೇಲೆ ಬಂದು ಬೀಳುತ್ತದೆ. ಇದು ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿಲ್ಲದ ಲೆಕ್ಕ.

ಮತ್ತೆ ಕಾಯಿದೆಗೇ ಬರುತ್ತೇನೆ, ಬೇಜಾರು ಮಾಡಬೇಡಿ, ಪರೀಕ್ಷೆ ಹತ್ತಿರ ಇದೆ. ಅದೇ ಕರಾರು ಕಾಯಿದೆಯಲ್ಲಿ ಏಜೆಂಟ್ ಮತ್ತು ಪ್ರಿನ್ಸಿಪಾಲ್ ಅಂತ ಬರುತ್ತದೆ. (ಕಾಲೇಜಿನ ಪ್ರಿನ್ಸಿಪಾಲರಲ್ಲ, ಕೆಲಸ ಒಪ್ಪಿಸಿದ ಯಜಮಾನ.) ಏಜೆಂಟನು ತನಗೆ ಒಪ್ಪಿಸಿದ ಕೆಲಸವನ್ನು ಇನ್ನೊಬ್ಬ ಉಪ ಏಜೆಂಟನಿಗೆ ಕೊಟ್ಟರೆ, ಆ ಉಪ ಏಜೆಂಟನ ಕೆಲಸಕ್ಕೆ ಯಜಮಾನನ ಮುಂದೆ ಉತ್ತರ ಹೇಳಬೇಕಾದವನು ಮೊದಲ ಏಜೆಂಟನೇ. 192ನೇ ಕಲಮು. ಅಂದರೆ ಕೆಲಸ ಕೈಯಿಂದ ಕೈಗೆ ದಾಟಬಹುದು, ಹೊಣೆ ಹಾಗೆ ದಾಟುವುದಿಲ್ಲ. ನೂರೈವತ್ತು ವರ್ಷದ ಹಿಂದೆ ಬ್ರಿಟಿಷರು ಹತ್ತಿ-ನೀಲಿಯ ವ್ಯಾಪಾರಕ್ಕಾಗಿ ಬರೆದ ಕಾಯಿದೆಗೆ ಗೊತ್ತಿದ್ದದ್ದು ನಮ್ಮ ಚರ್ಚೆಗಳಿಗೆ ಗೊತ್ತಿಲ್ಲ.

ವಡೋದರಾದ ಗೆಳೆಯರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. 2024ರ ಜನವರಿ 18ರಂದು ಅವರ ಊರಿನ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಮಕ್ಕಳ ದೋಣಿ ಮಗುಚಿತು. 12 ಮಕ್ಕಳು, ಇಬ್ಬರು ಶಿಕ್ಷಕಿಯರು. ಅಲ್ಲಿ ಹಿಮವಿಲ್ಲ, ಗಾಳಿಯಿಲ್ಲ, ಎತ್ತರವಿಲ್ಲ. ದಡ ಕಾಣುವ ಕೆರೆ. ದೋಣಿಯಲ್ಲಿ ಹಿಡಿಸದಷ್ಟು ಜನ, ಎಲ್ಲರಿಗೂ ಲೈಫ್ ಜಾಕೆಟ್ ಇಲ್ಲ. ಕೆರೆ ಮಹಾನಗರಪಾಲಿಕೆಯದು, ನಡೆಸುವುದು ಗುತ್ತಿಗೆಯವರು. ಆಗಲೂ ಮೊದಲು ಕೇಳಿದ್ದು ದೋಣಿಯವನನ್ನೇ. ಆಮೇಲೆ ಗುಜರಾತ್ ಹೈಕೋರ್ಟು ತಾನಾಗಿಯೇ ವಿಷಯ ಎತ್ತಿಕೊಂಡು, ಈ ಗುತ್ತಿಗೆಯನ್ನು ಕೊಟ್ಟವರು ಯಾರು, ಹೇಗೆ ಕೊಟ್ಟರು ಅಂತ ಮೇಲಿನ ಮೆಟ್ಟಿಲಿಗೆ ಪ್ರಶ್ನೆ ಹಾಕಿತು. ನನಗೆ ಬೇಕಾಗಿರುವುದು ಆ ದಿಕ್ಕು. ಪ್ರಶ್ನೆ ಮೇಲಕ್ಕೆ ಹತ್ತಬೇಕು. ಬೆಟ್ಟ ಹತ್ತುವವರಿಗೆ ಇದು ಕಷ್ಟವಾಗಬಾರದು.

ಸೂರತ್ತಿನ ಒಂದು ಮಾತು ಹೇಳಿಯೇಬಿಡುತ್ತೇನೆ. 2019ರ ಮೇ ತಿಂಗಳಲ್ಲಿ ಆ ಊರಿನ ಇಬ್ಬರು ಅಕ್ಕತಂಗಿಯರು, ಅದಿತಿ ಮತ್ತು ಅನುಜಾ ವೈದ್ಯ, ಎವರೆಸ್ಟ್ ಹತ್ತಿ ಬಂದರು. ಅದೇ ಮೇ 24ಕ್ಕೆ ಅದೇ ಊರಿನ ತಕ್ಷಶಿಲಾ ಕಟ್ಟಡದ ಮೇಲ್ಮಹಡಿಯ ಕೋಚಿಂಗ್ ಕ್ಲಾಸಿಗೆ ಬೆಂಕಿ ಹತ್ತಿತು. ಇಳಿಯಲು ದಾರಿ ಕಾಣದೆ ಹುಡುಗ ಹುಡುಗಿಯರು ಕಿಟಕಿಯಿಂದ ಹಾರಿದರು. 22 ಜನ ಸತ್ತರು. ನಮ್ಮದೇ ವಯಸ್ಸಿನವರು, ಕೆಲವರು ಇನ್ನೂ ಚಿಕ್ಕವರು. ಎವರೆಸ್ಟಿನಿಂದ ಇಳಿದು ಬರಲು ದಾರಿಯಿತ್ತು, ಟ್ಯೂಷನ್ ಕ್ಲಾಸಿನಿಂದ ಇರಲಿಲ್ಲ. ಆ ಊರಿನ ಹುಡುಗನೇ ಫಾರಂ ಓದದೆ ಸಹಿ ಹಾಕಿದ್ದು ನೋಡಿ ನನಗೆ ಹೊಟ್ಟೆ ಉರಿಯಿತು. ಕೇಳಿದರೆ, "ಅಲ್ಲೋ, ಟ್ಯೂಷನ್ ಫಾರಂ ಯಾರಾದ್ರೂ ಓದ್ತಾರೇನೋ?" ಅಂದ.

ಇಷ್ಟಾದರೂ ಎಲ್ಲ ತಪ್ಪೂ ಸಂಘಟಕರದು, ಏಜೆನ್ಸಿಯದು, ಸರ್ಕಾರದ್ದು ಅಂತ ಬರೆದು ಮುಗಿಸಿದರೆ ಅದು ಸುಳ್ಳು ಲೆಕ್ಕವಾಗುತ್ತದೆ. ಟ್ಯಾಲಿ ಆಗುವುದಿಲ್ಲ.

1996ರ ಮೇ 10 ಮತ್ತು 11ರಂದು ಎವರೆಸ್ಟಿನ ಮೇಲೆ ಬಿರುಗಾಳಿಗೆ ಸಿಕ್ಕಿ ಎಂಟು ಜನ ಸತ್ತರು. ಅವರಲ್ಲಿ ಮೂವರು ನಮ್ಮ ಇಂಡೋ-ಟಿಬೆಟನ್ ಗಡಿ ಪೊಲೀಸಿನವರು, ಉತ್ತರದ ಕಡೆಯಿಂದ ಹತ್ತಿದ್ದವರು. ದಕ್ಷಿಣದ ಕಡೆ ದುಡ್ಡು ತೆಗೆದುಕೊಂಡು ಕರೆದೊಯ್ಯುವ ಎರಡು ಕಂಪನಿಗಳಿದ್ದವು. ಒಂದರ ನಾಯಕ ನ್ಯೂಜಿಲೆಂಡಿನ ರಾಬ್ ಹಾಲ್, ಇನ್ನೊಂದರದು ಅಮೆರಿಕದ ಸ್ಕಾಟ್ ಫಿಶರ್. ಹಾಲ್ ಒಬ್ಬೊಬ್ಬರಿಗೆ 65,000 ಡಾಲರ್ ತೆಗೆದುಕೊಳ್ಳುತ್ತಿದ್ದ. ಇಬ್ಬರು ನಾಯಕರೂ ಸತ್ತರು. ಆಮೇಲೆ ಪುಸ್ತಕಗಳ ಯುದ್ಧವೇ ನಡೆಯಿತು. ಹಾಲ್‌ನ ತಂಡದಲ್ಲಿದ್ದ ಪತ್ರಕರ್ತ ಜಾನ್ ಕ್ರಾಕೌರ್ 1997ರಲ್ಲಿ ಬರೆದ ಪುಸ್ತಕದಲ್ಲಿ, ಫಿಶರ್‌ನ ಗೈಡ್ ಅನತೋಲಿ ಬೌಕ್ರೀವ್ ಆಮ್ಲಜನಕವಿಲ್ಲದೆ ಹತ್ತಿದ್ದನ್ನೂ, ಗಿರಾಕಿಗಳಿಗಿಂತ ಮುಂಚೆ ಕೆಳಗಿಳಿದದ್ದನ್ನೂ ಆಕ್ಷೇಪಿಸಿದ. ಬೌಕ್ರೀವ್ ತನ್ನ ಪುಸ್ತಕದಲ್ಲಿ ಉತ್ತರ ಕೊಟ್ಟ. ಮುಂಚೆ ಇಳಿದದ್ದರಿಂದಲೇ, ಬೇರೆ ಯಾರೂ ಕದಲಲಾಗದ ಆ ರಾತ್ರಿ ಅವನೊಬ್ಬನೇ ಬಿರುಗಾಳಿಗೆ ಹೊರಟು ಮೂವರನ್ನು ಎಳೆದು ತಂದ. ಅದೇ ವರ್ಷ ಡಿಸೆಂಬರ್ 25ರಂದು ಅನ್ನಪೂರ್ಣಾದ ಹಿಮಪಾತದಲ್ಲಿ ಬೌಕ್ರೀವ್‌ನೂ ಸತ್ತ. ವಾದ ಮಾತ್ರ ಸತ್ತಿಲ್ಲ. ಇಲ್ಲೂ ನೋಡಿ, ನಾಯಕರು ಹೋದ ಮೇಲೆ ಎಲ್ಲರ ಕಣ್ಣು ಬಿದ್ದದ್ದು ಗೈಡಿನ ಮೇಲೆ.

ಆದರೆ ಆ ಕತೆಯಲ್ಲಿ ನನ್ನನ್ನು ಕಾಡುವವನು ಬೌಕ್ರೀವ್ ಅಲ್ಲ, ಡಗ್ ಹ್ಯಾನ್ಸನ್ ಎಂಬ ಅಂಚೆ ಇಲಾಖೆಯ ನೌಕರ. 1995ರಲ್ಲಿ ತುದಿಗೆ ಸ್ವಲ್ಪವೇ ಉಳಿದಾಗ ಹಾಲ್ ಅವನನ್ನು ವಾಪಸು ತಿರುಗಿಸಿದ್ದ. ಮರುವರ್ಷ ಹಾಲ್‌ನೇ ಫೋನು ಮಾಡಿ, ರಿಯಾಯಿತಿ ಕೊಟ್ಟು ಮತ್ತೆ ಕರೆಸಿದ. ಮಧ್ಯಾಹ್ನ ಎರಡರ ಒಳಗೆ ಎಲ್ಲಿದ್ದರೂ ತಿರುಗಬೇಕು ಅನ್ನುವುದು ಹಾಲ್‌ನದೇ ಎಚ್ಚರಿಕೆ. ಹ್ಯಾನ್ಸನ್ ತುದಿ ಮುಟ್ಟಿದ್ದು ಸಂಜೆ ನಾಲ್ಕರ ಮೇಲೆ, ಹಾಲ್ ಅಲ್ಲೇ ಕಾದು ನಿಂತಿದ್ದ. ಇಬ್ಬರೂ ಇಳಿಯಲಿಲ್ಲ. ಎರಡನೇ ಸಲವೂ ‘ಬೇಡ’ ಅನ್ನಲು ಹಾಲ್‌ಗೆ ಬಾಯಿ ಬರಲಿಲ್ಲವೋ ಏನೋ. ಗಿರಾಕಿಯ ಆಸೆಯೂ ವ್ಯಾಪಾರಿಯ ದಾಕ್ಷಿಣ್ಯವೂ ಸೇರಿ ಗಡಿಯಾರವನ್ನು ಗೆದ್ದುಬಿಟ್ಟವು.

ದುಡ್ಡಿನ ವ್ಯವಹಾರವೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಂಡಾ ಎರಡನೇ ಶಿಖರದಲ್ಲಿ ಹಿಮ ಜಾರಿ 29 ಜನ ಹೋದದ್ದು ಯಾವ ಟೂರ್ ಕಂಪನಿಯ ಗಿರಾಕಿಗಳದ್ದಲ್ಲ. 1965ರಿಂದ ಬೆಟ್ಟ ಹತ್ತುವುದನ್ನೇ ಕಲಿಸುತ್ತಿರುವ, ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯ ಶಿಬಿರದ್ದು. ಕರ್ನಾಟಕದವರೂ ಇದ್ದರು, ಗುಜರಾತಿನವರೂ ಇದ್ದರು. ಅದೇ ವರ್ಷ ಎವರೆಸ್ಟ್, ಮಕಾಲು ಎರಡನ್ನೂ ಹದಿನಾರು ದಿನದೊಳಗೆ ಹತ್ತಿದ್ದ ಸವಿತಾ ಕಂಸ್ವಾಲ್ ಅಲ್ಲಿ ಕಲಿಸುವವರಾಗಿದ್ದರು, ಅವರೂ ಹೋದರು. ಎಲ್ಲ ಬಲ್ಲವರಿದ್ದೂ ಹೀಗಾಗುತ್ತದೆ. ಹಾಗಾಗಿ ಅಪಾಯವೇ ಇರಬಾರದು ಅಂತ ಕೇಳುವವನು ಮನೆಯಲ್ಲೇ ಇರಲಿ. ನಾನು ಅಪಾಯಕ್ಕೆ ಸಹಿ ಹಾಕಲು ತಯಾರು. ಬೇರೆಯವರ ಅಜಾಗರೂಕತೆಗೆ ಮುಂಗಡ ಕ್ಷಮಾಪತ್ರ ಬರೆದುಕೊಡಲು ತಯಾರಿಲ್ಲ. ಫಾರಂ ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದೆ.

ನನ್ನ ಲೆಕ್ಕವನ್ನೂ ಒಪ್ಪಿಸಿಬಿಡುತ್ತೇನೆ. ಹೋದ ವರ್ಷ ನಾವು ಆರು ಜನ ಗಿರನಾರಿಗೆ ಹೋಗಿದ್ದೆವು. ಆವತ್ತು ಗಾಳಿ ಜಾಸ್ತಿ ಅಂತ ರೋಪ್‌ವೇ ನಿಲ್ಲಿಸಿದ್ದರು. ನಿಲ್ಲಿಸುವ ಅಧಿಕಾರವಿದ್ದವನೊಬ್ಬ ಕೆಳಗೆ ಕೂತು ನಿಲ್ಲಿಸಿದ್ದ. ನಾವು ನಡೆದೇ ಹೊರಟೆವು. ಅಂಬಾಜಿ ಗುಡಿಯ ಹತ್ತಿರ ನಮ್ಮಲ್ಲೊಬ್ಬ ವಾಂತಿ ಮಾಡಿಕೊಂಡ. ಹಿಂದಿನ ರಾತ್ರಿಯಿಂದ ಜ್ವರವಂತೆ, ಹೇಳಿರಲಿಲ್ಲ. "ನಾ ಇಲ್ಲೇ ಕೂರ್ತೀನಿ" ಅಂದ. ದತ್ತಾತ್ರೇಯ ಶಿಖರದವರೆಗೆ ಇನ್ನೂ ಸಾವಿರಾರು ಮೆಟ್ಟಿಲು. "ಇಷ್ಟು ದೂರ ಬಂದು ಬಿಟ್ಟು ಹೋಗೋದೇನೋ? ಏಳೋ" ಅಂದವನು ನಾನೇ. ಎದ್ದ, ಪಾಪ. ಮುಂದೆ ಇನ್ನೂರು ಮೆಟ್ಟಿಲು ಹೋಗುವಷ್ಟರಲ್ಲಿ ಕುಸಿದ. ಡೋಲಿಯವರು ಕಟ್ಟಿಗೆಯ ಕುರ್ಚಿಯಲ್ಲಿ ಕೂರಿಸಿ ಹೆಗಲ ಮೇಲೆ ಇಳಿಸಿಕೊಂಡು ಬಂದರು. ದುಡ್ಡು ಹಂಚಿಕೊಂಡೆವು. ಅವನಿಗೆ ಎರಡು ದಿನ ಸಲೈನು. ಅವನ ಅವ್ವ ಫೋನಿನಲ್ಲಿ ಕೇಳಿದ್ದು ಒಂದೇ ಮಾತು, "ನಿಮ್ಮೊಳಗ ದೊಡ್ಡಾವ ಯಾರಪ್ಪಾ ಇದ್ರಿ?"

ಯಾರೂ ಇರಲಿಲ್ಲ. ಆರು ಜನವೂ ಒಂದೇ ವಯಸ್ಸು, ಎಲ್ಲರೂ ನಾಯಕರು, ಅಂದರೆ ಯಾರೂ ಅಲ್ಲ. ಅವನು ಸತ್ತಿದ್ದರೆ ಏನಾಗುತ್ತಿತ್ತು ಅಂತ ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ‘ಜ್ವರ ಇದ್ದದ್ದು ಅವನೇ ಹೇಳಲಿಲ್ಲ’ ಅಂತ ನಾವೈದೂ ಜನ ಹೇಳುತ್ತಿದ್ದೆವು. ಅದು ನಿಜವೂ ಆಗಿರುತ್ತಿತ್ತು. ‘ಏಳೋ’ ಅಂದ ನನ್ನ ಮಾತು ಯಾವ ಪುಸ್ತಕದಲ್ಲೂ ದಾಖಲಾಗುತ್ತಿರಲಿಲ್ಲ.

ಅದಕ್ಕೇ ಫಾರಮ್ಮಿನ ಪ್ಯಾರಾವನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೆ ಇದ್ದ ಖಾಲಿ ಜಾಗದಲ್ಲಿ ಇಂಗ್ಲಿಷಿನಲ್ಲೇ, ನನಗೆ ಬಂದ ಹಾಗೆ, ಮೂರು ಸಾಲು ಬರೆದೆ. ಒಂದು, ವಾಪಸು ತಿರುಗಿ ಅಂತ ಹೇಳುವ ಅಧಿಕಾರ ಇರುವವರ ಹೆಸರು ಇಲ್ಲಿ ಬರೆಯಬೇಕು. ಎರಡು, ಅವರು ತಿರುಗಿ ಅಂದ ದಿನ ನಾನು ವಾದ ಮಾಡದೆ ತಿರುಗುತ್ತೇನೆ, ದುಡ್ಡು ವಾಪಸು ಕೇಳುವುದಿಲ್ಲ. ಮೂರು, ಗೈಡುಗಳಿಗೆ ವಿಮೆ ಮಾಡಿಸಿದ್ದೀರೋ ಇಲ್ಲವೋ. ಅದರ ಕೆಳಗೆ ಸಹಿ ಹಾಕಿದೆ. ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಎರಡನೇದು ನೀನೇ ಬರೆದದ್ದೇನು?" ಅಂದು, ತಾವೂ ಸಹಿ ಹಾಕಿದರು.

ಮೊನ್ನೆ ಸೋಮವಾರ ಕ್ಲಬ್ಬಿನ ಕಾರ್ಯದರ್ಶಿಗೆ ಕೊಟ್ಟೆ. ನಮಗಿಂತ ನಾಲ್ಕು ವರ್ಷ ದೊಡ್ಡವರು, ಒಳ್ಳೆಯ ಮನುಷ್ಯ, ಹತ್ತಾರು ಸಲ ಹಿಮಾಲಯಕ್ಕೆ ಹೋಗಿಬಂದವರು. ನಿಂತಲ್ಲೇ ಓದಿದರು. ಸಿಟ್ಟೇನೂ ಮಾಡಲಿಲ್ಲ. "ಅರೆ ಭಾಯ್, ಫಾರಂ ಹಾಳು ಮಾಡಿಬಿಟ್ಟೆಯಲ್ಲ" ಅಂದರು. ಡ್ರಾಯರಿನಿಂದ ಹೊಸದೊಂದು ತೆಗೆದು ಕೊಟ್ಟರು.

ಅದು ಈಗ ಕಾಸ್ಟ್ ಅಕೌಂಟೆನ್ಸಿ ಪುಸ್ತಕದೊಳಗಿದೆ. ಕೊಡಲು ಶನಿವಾರ ಕಡೆಯ ದಿನ. ಇನ್ನು ನಾಲ್ಕು ಜನ ತಮ್ಮ ಫಾರಂ ವಾಪಸು ಕೇಳಿ ಪಡೆದು, ಆ ಖಾಲಿ ಜಾಗದಲ್ಲಿ ಇದೇ ಮೂರು ಸಾಲು ಬರೆಯುವುದಾದರೆ ಶುಕ್ರವಾರ ಸಂಜೆ ಕೂಟದ ಕೋಣೆಗೆ ಬನ್ನಿ. ನಾನು ಇರುತ್ತೇನೆ.